ತುಮಕೂರಿನ ಮನೆ ಮಾರುವ ಮುಂಚೆ ಏನೇನು ಮಾಡಿಸಬೇಕು?

ಎಸ್‌ಐಟಿ ಬಡಾವಣೆ ಹುಡುಗಿ, ಡಲ್ಲಾಸ್
ಎಲ್ಲರಿಗೂ ನಮಸ್ಕಾರ. ತುಂಬಾ ದಿನದಿಂದ ಓದುತ್ತಿದ್ದೇನೆ, ಬರೆಯುತ್ತಿರುವುದು ಇದೇ ಮೊದಲು. ತುಮಕೂರಿನ ಎಸ್‌ಐಟಿ ಬಡಾವಣೆಯಲ್ಲಿ, ಅಂದರೆ ಸಿದ್ಧಗಂಗಾ ಎಂಜಿನಿಯರಿಂಗ್ ಕಾಲೇಜಿನ ಹತ್ತಿರ, ಅಪ್ಪ ಕಟ್ಟಿಸಿದ ಮನೆ ಇದೆ. 30-40 ಸೈಟು, 1989ರಲ್ಲಿ ಗೃಹಪ್ರವೇಶ. ಅಪ್ಪ ಹೋಗಿ ಎರಡು ವರ್ಷ ಆಯಿತು. ಅಮ್ಮ ನಮ್ಮ ಜೊತೆ ಇಲ್ಲೇ ಇದ್ದಾರೆ. ಕಾಲೇಜು ಹುಡುಗರಿಗೆ ಬಾಡಿಗೆಗೆ ಕೊಟ್ಟಿದ್ದೆವು, ಯುಗಾದಿಗೆ ಖಾಲಿ ಮಾಡಿದರು. ಮಾರೋಣ ಅಂತ ನಾನು, ಬೆಂಗಳೂರಿನಲ್ಲಿರುವ ತಮ್ಮ, ಇಬ್ಬರೂ ಒಪ್ಪಿದ್ದೇವೆ.

ಬ್ರೋಕರ್ ದೊಡ್ಡ ಪಟ್ಟಿ ಕೊಟ್ಟಿದ್ದಾರೆ. ಮಾಡ್ಯುಲರ್ ಅಡುಗೆಮನೆ, ರೆಡ್ ಆಕ್ಸೈಡ್ ನೆಲದ ಮೇಲೆ ಟೈಲ್ಸ್, ಒಳಗೂ ಹೊರಗೂ ಪುಟ್ಟಿ, ಪೇಂಟ್. ಒಂಬತ್ತು ಲಕ್ಷ ಹಾಕಿದರೆ ಹದಿನೈದು ಲಕ್ಷ ಜಾಸ್ತಿ ಬರುತ್ತೆ ಅಂತಾರೆ. ಹೌದಾ? ದೇವರಮನೆ ಗೋಡೆ ಉಬ್ಬಿ ಸುಣ್ಣ ಉದುರುತ್ತಿದೆ. ಅಡುಗೆಮನೆಯಲ್ಲಿ ಒರಳನ್ನು ನೆಲದಲ್ಲೇ ಕೂರಿಸಿದ್ದಾರೆ. ನೋಡಲು ಬಂದವರೆಲ್ಲ ಅದನ್ನೇ ಕೇಳುತ್ತಾರಂತೆ, ಕಿತ್ತರೆ ನೆಲದ ಗತಿ ಏನು ಅಂತ.

ಮಗನಿಗೆ ಹನ್ನೊಂದು ವರ್ಷ. ಮಾರಿಬಿಟ್ಟರೆ ತುಮಕೂರಿಗೆ ಹೋದಾಗ ಎಲ್ಲಿರೋದು ಅಂದ. ಹೋಟೆಲ್‌ನಲ್ಲಿ ಅಂದೆ. ಈಜುಕೊಳ ಇರುತ್ತಾ ಅಂತ ಕೇಳಿದ.

ಫ್ರಿಸ್ಕೋ ನಿವಾಸಿ
ಅಯ್ಯೋ, ಡಲ್ಲಾಸ್ ಅಂದರೆ ನಮ್ಮ ಪಕ್ಕದಲ್ಲೇ ಇದ್ದೀರಾ! ನಾವು ಹೋದ ವರ್ಷ ಇಲ್ಲಿನ ಮನೆ ಮಾರಿದೆವು. ಏಜೆಂಟ್ ಗ್ಯಾರೇಜ್ ಬಾಗಿಲು, ಮುಂಬಾಗಿಲು ಎರಡನ್ನೇ ಬದಲಿಸಿ ಅಂದರು. ಪೂರ್ತಿ ಅಡುಗೆಮನೆ ಒಡೆದು ಕಟ್ಟಿದರೆ ಹಾಕಿದ ದುಡ್ಡು ವಾಪಸ್ ಬರಲ್ಲ. ಮುಂದೆ ನಾಲ್ಕು ಹೂವಿನ ಗಿಡ ಇಡಿಸಿ, ಸೋಫಾ ಹಾಕಿಸಿ ಫೋಟೋ ತೆಗೆಸಿ.

ಗುಬ್ಬಿಯವನು, ಮೆಲ್ಬರ್ನ್
ಎಸ್‌ಐಟಿ ಬಡಾವಣೆಯಲ್ಲಿ ಗ್ಯಾರೇಜ್ ಬಾಗಿಲು ಎಲ್ಲಿಂದ ತರೋದು ಸರ್ 😀 ಅಲ್ಲಿ ಇರೋದು ಕಬ್ಬಿಣದ ಗೇಟು, ಅದರ ಪಕ್ಕ ಒಂದು ಸ್ಕೂಟರ್.

ಅಕ್ಕ, ನಾನು ಸಿವಿಲ್ ಎಂಜಿನಿಯರ್. ಅದೇ ಕಾಲೇಜಿನಲ್ಲಿ ಓದಿದವನು. ಮೊದಲು ದೇವರಮನೆ ಗೋಡೆ ನೋಡಿಸಿ. ತೇವದ ಮೇಲೆ ಬಣ್ಣ ಬಳಿದರೆ ಒಂದು ಮಳೆಗಾಲ ಮುಗಿಯುವಷ್ಟರಲ್ಲಿ ಸಿಪ್ಪೆ ಏಳುತ್ತೆ. ತಿಳಿದವರು ಬಂದರೆ ಹೆಬ್ಬೆರಳಿನಲ್ಲಿ ಒತ್ತಿ ನೋಡೋದೇ ಅಲ್ಲಿ. ತಾರಸಿಯಲ್ಲಿ ನೀರು ನಿಲ್ಲುತ್ತಾ, ಮಳೆನೀರಿನ ಪೈಪು ಕಟ್ಟಿಕೊಂಡಿದೆಯಾ ಅಂತ ತಮ್ಮನಿಗೆ ನೋಡಲು ಹೇಳಿ.

ಟೈಲ್ಸ್ ಬೇಡ. ನೆಲ ಎತ್ತರ ಆಗಿ ಎಲ್ಲ ಬಾಗಿಲನ್ನೂ ಕೆಳಗೆ ಕೊಯ್ಯಬೇಕಾಗುತ್ತೆ. ರೆಡ್ ಆಕ್ಸೈಡನ್ನು ಚೆನ್ನಾಗಿ ಉಜ್ಜಿ ತೊಳೆಸಿ, ಒಣಗಿದ ಮೇಲೆ ಕೊಬ್ಬರಿ ಎಣ್ಣೆ ಒರೆಸಿಸಿ. ಒರಳಿನ ಮೇಲೆ ಒಂದು ಕಡಪ ಕಲ್ಲು ಮುಚ್ಚಿ, ಸಾಕು. ಹಳೇ ಫ್ಯೂಸ್ ಇದ್ದರೆ ತೆಗೆಸಿ ಎಂಸಿಬಿ (ತಾನೇ ಟ್ರಿಪ್ ಆಗುವ ಸ್ವಿಚ್ಚು) ಹಾಕಿಸಿ. ಸಂಪು ತೊಳೆಸಿ. ನೀರು ಹೇಗೆ ಅನ್ನೋದು ಎಲ್ಲರೂ ಕೇಳುವ ಪ್ರಶ್ನೆ. ಇಷ್ಟಕ್ಕೆ ಒಂಬತ್ತು ಲಕ್ಷ ಬೇಕಿಲ್ಲ.

ಕೋಲಾರದವಳು, ದುಬೈ
ನನ್ನ ಕತೆ ಕೇಳಿ. ಕೋಲಾರದ ಮನೆ ಮಾರುವ ಮುಂಚೆ ಆರು ಲಕ್ಷ ಸುರಿದೆ. ಫಾಲ್ಸ್ ಸೀಲಿಂಗ್, ಕಪ್ಪು ಗ್ರಾನೈಟ್, ಎಲ್ಲ ಮಾಡಿಸಿದೆ. ಬಣ್ಣ ಆರಿಸಲು ಎರಡು ರಾತ್ರಿ ನಿದ್ದೆ ಕೆಟ್ಟೆ. ಕೊಂಡವರು ತಿಂಗಳೊಳಗೆ ಮನೆ ಕೆಡವಿದರು. ಅವರಿಗೆ ಬೇಕಿದ್ದದ್ದು ಸೈಟು. ಚಿಕ್ಕಮ್ಮ ಫೋಟೋ ಕಳಿಸಿದ್ದರು. ಮನೆ ಇದ್ದ ಜಾಗದಲ್ಲಿ ಮಣ್ಣಿನ ಗುಡ್ಡೆ. ನನ್ನ ಗ್ರಾನೈಟ್ ಚಪ್ಪಡಿಯನ್ನು ಮಾತ್ರ ಜೋಪಾನವಾಗಿ ಬಿಚ್ಚಿ ಕಾಂಪೌಂಡಿಗೆ ಒರಗಿಸಿಟ್ಟಿದ್ದರು. 1989ರ ಮನೆ ಅಂದಿರಿ. ಬರುವವರು ಮನೆ ನೋಡ್ತಿದ್ದಾರಾ, ಸೈಟು ನೋಡ್ತಿದ್ದಾರಾ, ಅದನ್ನ ಮೊದಲು ತಿಳಿದುಕೊಳ್ಳಿ.

ಸ್ಲೌ ಕನ್ನಡಿಗ
ಬಣ್ಣದ ಮಾತು ಆಮೇಲೆ. ಪಾಲಿಕೆಯಲ್ಲಿ ಮನೆಯ ಖಾತೆ ಯಾರ ಹೆಸರಲ್ಲಿದೆ? ಅಪ್ಪನ ಹೆಸರಲ್ಲೇ ಇದ್ದರೆ ವಂಶವೃಕ್ಷ ಮಾಡಿಸಿ ವಾರಸುದಾರರ ಹೆಸರಿಗೆ ಬದಲಿಸಿ. ಈಗ ಇ-ಖಾತಾ ಇಲ್ಲದೆ ನೋಂದಣಿ ಆಗಲ್ಲ. ವಿಲ್ ಇಲ್ಲದಿದ್ದರೆ ಅಮ್ಮ, ನೀವು, ತಮ್ಮ ಮೂವರದ್ದೂ ಸಹಿ ಬೇಕು. ನೀವು ಹೋಗಲು ಆಗದಿದ್ದರೆ ತಮ್ಮನಿಗೆ ಜಿಪಿಎ (ನಿಮ್ಮ ಪರವಾಗಿ ಸಹಿ ಹಾಕುವ ಅಧಿಕಾರಪತ್ರ) ಕೊಡಿ. ಅಲ್ಲೇ ನೋಟರಿ, ಅಪೋಸ್ಟಿಲ್ (ಬೇರೆ ದೇಶದಲ್ಲಿ ನಡೆಯಲು ಸರ್ಕಾರ ಹಾಕುವ ದೃಢೀಕರಣ) ಮಾಡಿಸಿ ಕಳಿಸಿ. ಭಾರತ ತಲುಪಿದ ಮೂರು ತಿಂಗಳೊಳಗೆ ಸ್ಟಾಂಪ್ ಡ್ಯೂಟಿ ಕಟ್ಟಿಸಿ.

ತೆರಿಗೆ ವಿಷಯ. 2024ರ ಜುಲೈ 23ರಿಂದ ದೀರ್ಘಾವಧಿ ಲಾಭಕ್ಕೆ ಶೇ. 12.5, ಇಂಡೆಕ್ಸೇಶನ್ (ಬೆಲೆಯೇರಿಕೆಗೆ ತಕ್ಕಂತೆ ಕೊಂಡ ಬೆಲೆ ಹೆಚ್ಚಿಸಿ ತೋರಿಸೋದು) ಇಲ್ಲ. ಅದಕ್ಕೆ ಮುಂಚೆ ಕೊಂಡ ಆಸ್ತಿಗೆ ಇಂಡೆಕ್ಸೇಶನ್ ಸಮೇತ ಶೇ. 20ರ ಲೆಕ್ಕ ಆರಿಸಿಕೊಳ್ಳುವ ಅವಕಾಶ ಅಲ್ಲಿನ ನಿವಾಸಿಗಳಿಗೆ ಮಾತ್ರ, ನಮಗಿಲ್ಲ. ನಿಮ್ಮ ಪಾಲಿಗೆ ಕೊಳ್ಳುವವರು ಟಿಡಿಎಸ್ (ದುಡ್ಡು ಕೊಡುವಾಗಲೇ ಮುರಿದುಕೊಳ್ಳುವ ತೆರಿಗೆ) ಹಿಡಿಯೋದು ಸಾಮಾನ್ಯವಾಗಿ ಲಾಭದ ಮೇಲಲ್ಲ, ಪೂರ್ತಿ ಬೆಲೆಯ ಮೇಲೆ. ಕಡಿಮೆ ಹಿಡಿಯಲು ಇಲಾಖೆಯಿಂದ ಪ್ರಮಾಣಪತ್ರ ತರಬಹುದು, ಅದನ್ನ ರಿಜಿಸ್ಟ್ರೇಷನ್‌ಗೆ ಮುಂಚೆಯೇ ತರಬೇಕು. ಅಪ್ಪ 2001ಕ್ಕಿಂತ ಮೊದಲು ಕೊಂಡಿದ್ದರಿಂದ 2001ರ ಏಪ್ರಿಲ್ 1ರ ಬೆಲೆಯನ್ನೇ ಮೂಲ ಅಂತ ತೋರಿಸಬಹುದು. ಇನ್ನೊಂದು ಮಾತು, ಹೊಸ ಕೋಣೆ ಕಟ್ಟಿದ್ದರೆ ಆ ಖರ್ಚು ಲೆಕ್ಕಕ್ಕೆ ಬರುತ್ತೆ. ಸುಣ್ಣ ಬಣ್ಣದ ಖರ್ಚು ಬರಲ್ಲ.

ನ್ಯೂಜೆರ್ಸಿ ಹಿರಿಯ
ಎಲ್ಲರೂ ಪೇಂಟು, ಟೈಲ್ಸು, ಟ್ಯಾಕ್ಸು ಅಂತಿದ್ದೀರಿ. ಮಾರಬೇಡಿ ಅಂತ ಒಬ್ಬರಾದರೂ ಹೇಳಿದಿರಾ? ತಂಗಿ, ನಾನು 1996ರಲ್ಲಿ ಬಂದವನು. ಬೆಂಗಳೂರು ಮೆಟ್ರೋ 2024ರ ನವೆಂಬರ್‌ನಲ್ಲಿ ಮಾದಾವರಕ್ಕೆ ಬಂತು. ತುಮಕೂರು ರಸ್ತೆಯಲ್ಲಿ ಅಲ್ಲಿಂದ ಮುಂದಕ್ಕೆ ಬರೋದು ಎಷ್ಟು ಹೊತ್ತು? ವಸಂತನರಸಾಪುರದಲ್ಲಿ ಕಾರ್ಖಾನೆಗಳು, ಗುಬ್ಬಿ ತಾಲ್ಲೂಕಿನಲ್ಲಿ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ. ಇಂಥ ಹೊತ್ತಿನಲ್ಲಿ ಬಡಾವಣೆ ಮಧ್ಯದ ಸೈಟು ಮಾರೋರುಂಟಾ? ಹುಡುಗ ಹೋಟೆಲ್ ಅಂದರೆ ಈಜುಕೊಳ ಕೇಳಿದ ಅಂದಿರಿ. ತಪ್ಪು ಅವನದಲ್ಲ. ನಾವು ಪ್ರತಿ ಬೇಸಿಗೆ ಎಂಟು ವಾರ ಮಕ್ಕಳನ್ನು ಕ್ಯಾತ್ಸಂದ್ರದ ಮನೆಯಲ್ಲಿ ಬಿಟ್ಟೆವು. ನನ್ನ ಮಗಳು ಇವತ್ತಿಗೂ ಕನ್ನಡದಲ್ಲೇ ಜಗಳ ಆಡ್ತಾಳೆ. ಒಂದು ಬಾಗಿಲು, ಅದಕ್ಕೊಂದು ಬೀಗದ ಕೈ ನಮ್ಮದು ಅಂತ ಇರಬೇಕು. ಮಾರಿದ ಮೇಲೆ ಸಿದ್ಧಗಂಗೆಗೆ ಹೋಗಿ ಕೈ ಮುಗಿದು ಅದೇ ಬಸ್ಸಲ್ಲಿ ವಾಪಸ್ ಬರಬೇಕಾಗುತ್ತೆ.

ಕೋಲಾರದವಳು, ದುಬೈ
ಸರ್, ಎಂಟು ವಾರ ರಜೆ ಯಾರು ಕೊಡ್ತಾರೆ? ನಮಗೆ ಸಿಗೋದು ಮೂರು ವಾರ. ಅದರಲ್ಲಿ ಒಂದು ವಾರ ಮದುವೆ ಮನೆಗಳಲ್ಲೇ ಕಳೆಯುತ್ತೆ.

ತಿಪಟೂರು ತೆಂಗು, ಟೊರೊಂಟೊ
ಹಿರಿಯರ ಮಾತು ನೂರಕ್ಕೆ ನೂರು ನಿಜ. ನಾವು ಮಾರಿದೆವು, ಈಗ ಕೊರಗುತ್ತಿದ್ದೇವೆ.

ಫ್ರಿಸ್ಕೋ ನಿವಾಸಿ
ಮನೆ ಇದ್ದರೆ ಕನ್ನಡ ಬರುತ್ತಾ? ನಮ್ಮದು ಕುಣಿಗಲ್‌ನಲ್ಲಿ ಇನ್ನೂ ಇದೆ. ಮಕ್ಕಳು ಅಜ್ಜಿ ಹತ್ತಿರ ಇಂಗ್ಲಿಷ್ ಮಾತಾಡಿ, ಅಜ್ಜಿಗೇ ಇಂಗ್ಲಿಷ್ ಕಲಿಸಿದರು.

ನ್ಯೂಜೆರ್ಸಿ ಹಿರಿಯ
ಅದು ತಂದೆತಾಯಿ ತಪ್ಪು, ಮನೆಯದಲ್ಲ.

ಸ್ಲೌ ಕನ್ನಡಿಗ
ಖಾತೆ ಯಾರ ಹೆಸರಲ್ಲಿದೆ ಅಂತ ಇನ್ನೂ ಹೇಳಲೇ ಇಲ್ಲ.

ಬಟವಾಡಿ, ಸಿಂಗಾಪುರ
ಬಾಗಿಲು ಯಾವ ದಿಕ್ಕಿಗೆ ಮೇಡಂ? ದಕ್ಷಿಣ ಆದರೆ ಏನು ಮಾಡಿಸಿದರೂ ರೇಟು ಬರಲ್ಲ.

ನ್ಯೂಜೆರ್ಸಿ ಹಿರಿಯ
ನಮ್ಮದು ದಕ್ಷಿಣವೇ. ಇಬ್ಬರು ಮಕ್ಕಳೂ ಡಾಕ್ಟರು.

ಎಸ್‌ಐಟಿ ಬಡಾವಣೆ ಹುಡುಗಿ, ಡಲ್ಲಾಸ್
ಎಲ್ಲರಿಗೂ ಥ್ಯಾಂಕ್ಸ್. ತಮ್ಮ ಭಾನುವಾರ ತುಮಕೂರಿಗೆ ಹೋಗಿದ್ದ. ತಾರಸಿಯಿಂದ ವಿಡಿಯೋ ಕಾಲ್ ಮಾಡಿದ. ನೀರಿಳಿಯುವ ಪೈಪಿನ ಬಾಯಿಗೆ ಕೈ ಹಾಕಿ ಎರಡು ಬಕೆಟ್ ಕಸ ತೆಗೆದ. ಪೂರ್ತಿ ತೆಂಗಿನ ಹೂವು, ಗರಿ ಚೂರು, ಒಂದು ಶಟಲ್ ಕಾಕ್. ಆ ಪೈಪು ಇಳಿಯೋದು ದೇವರಮನೆ ಹಿಂದೆಯೇ. ಗೋಡೆ ಒಣಗಲಿ ಅಂತ ಬಿಟ್ಟಿದ್ದೇವೆ. ಪೇಂಟರ್‌ಗೆ ಸದ್ಯಕ್ಕೆ ಬೇಡ ಅಂದೆವು. ಅಡುಗೆಮನೆ, ಟೈಲ್ಸ್ ಎರಡೂ ಕೈಬಿಟ್ಟೆವು. ಸ್ಲೌ ಸರ್, ಖಾತೆ ಅಪ್ಪನ ಹೆಸರಲ್ಲೇ ಇದೆ. ಸೋಮವಾರ ತಮ್ಮ ಪಾಲಿಕೆ ಕಚೇರಿಗೆ ಹೋಗುತ್ತಾನೆ. ಒರಳು ಹಾಗೇ ಇರಲಿ ಅಂದರು ಅಮ್ಮ. ಕೊಂಡವರಿಗೆ ಬೇಡವಾದರೆ ಅವರೇ ಕೀಳಲಿ ಅಂತ.

ನ್ಯೂಜೆರ್ಸಿ ಹಿರಿಯ
ಒಳ್ಳೇದಾಯ್ತು ತಂಗಿ. ಹಾಗಾದರೆ ಮಾರಲ್ಲ ಅಂತಾಯ್ತು, ಅಲ್ವಾ?