ಯಾನಾಚೆಕ್ ಬರೆದದ್ದನ್ನು ನುಡಿಸಬೇಕೋ, ಬೇರೆಯವರು ತಿದ್ದಿದ್ದನ್ನೋ?

ತಂತಿಮರ:
ಹೋದ ವಾರ ಒಬ್ಬರು ಚೆಕ್ ಸಂಗೀತಗಾರ ಲೆಯೋಶ್ ಯಾನಾಚೆಕ್ (1854–1928) ಬರೆದ ‘ಯೆನೂಫಾ’ ಒಪೆರಾದ ಯಾವ ರೆಕಾರ್ಡಿಂಗ್ ಕೇಳಲಿ ಎಂದು ಇಲ್ಲಿ ಕೇಳಿದ್ದರು. ಬಂದ ಉತ್ತರಗಳೆಲ್ಲ ಒಂದೇ ಥರ: ‘1908ರ ಪಾಠ ಇರುವುದನ್ನೇ ಕೇಳಿ, ಉಳಿದದ್ದು ಕಲಬೆರಕೆ.’ (ಪಾಠ ಅಂದರೆ ಸ್ವರಲಿಪಿಯ ಆವೃತ್ತಿ.) ಇದಕ್ಕೆ ನನ್ನ ತಕರಾರಿದೆ.

ಗೊತ್ತಿಲ್ಲದವರಿಗೆ ಕಥೆ ಹೇಳಿಬಿಡುತ್ತೇನೆ. ‘ಯೆನೂಫಾ’ ಮೊದಲು ರಂಗಕ್ಕೆ ಬಂದದ್ದು 1904ರ ಜನವರಿ 21ರಂದು, ಬರ್ನೋ ಊರಿನಲ್ಲಿ. ಪ್ರಾಗ್‌ನ ನ್ಯಾಷನಲ್ ಥಿಯೇಟರ್ ಅದಕ್ಕೂ ಮೊದಲೇ ಬೇಡ ಅಂದಿತ್ತು. ಅಲ್ಲಿ ಒಪೆರಾದ ಮುಖ್ಯಸ್ಥ ಕರೆಲ್ ಕೊವಾರ್ಜೊವಿಟ್ಸ್. ಇದೇ ಕೊವಾರ್ಜೊವಿಟ್ಸ್ ಬರೆದ ಒಂದು ಒಪೆರಾವನ್ನು ಯಾನಾಚೆಕ್ 1887ರಲ್ಲಿ ವಿಮರ್ಶೆಯಲ್ಲಿ ಸಿಕ್ಕಾಪಟ್ಟೆ ಗೇಲಿ ಮಾಡಿದ್ದ. ಕೊನೆಗೆ 1916ರ ಮೇ 26ಕ್ಕೆ ಪ್ರಾಗ್ ಬಾಗಿಲು ತೆರೆಯಿತು. ಷರತ್ತು ಏನೆಂದರೆ, ವಾದ್ಯಗಳ ಹಂಚಿಕೆಯನ್ನು ಕೊವಾರ್ಜೊವಿಟ್ಸ್ ತಿದ್ದುತ್ತಾನೆ, ಅಲ್ಲಲ್ಲಿ ಕತ್ತರಿ ಹಾಕುತ್ತಾನೆ. ಆ ತಿದ್ದಿದ ಪಾಠವೇ 1918ರಲ್ಲಿ ವಿಯೆನ್ನಾಗೆ, 1924ರಲ್ಲಿ ಬರ್ಲಿನ್‌ಗೆ ಮತ್ತು ನ್ಯೂಯಾರ್ಕ್‌ಗೆ ಹೋಯಿತು. 61ನೇ ವಯಸ್ಸಿನ ತನಕ ಬರ್ನೋದಾಚೆ ಹೆಚ್ಚು ಜನಕ್ಕೆ ಗೊತ್ತಿಲ್ಲದ ಮೇಷ್ಟ್ರು ಜಗತ್ತಿಗೆಲ್ಲ ಗೊತ್ತಾದದ್ದು ಹೀಗೆ.

ಆಮೇಲೆ ಚಾರ್ಲ್ಸ್ ಮೆಕೆರಾಸ್ ಎಂಬ ಆರ್ಕೆಸ್ಟ್ರಾ ಕಂಡಕ್ಟರ್ ಮತ್ತು ಜಾನ್ ಟಿರೆಲ್ ಎಂಬ ವಿದ್ವಾಂಸ ಸೇರಿ ತಿದ್ದುಪಡಿಗಳನ್ನೆಲ್ಲ ಕಿತ್ತು, ಯಾನಾಚೆಕ್‌ನದೇ ಆದ 1908ರ ಪಾಠವನ್ನು ಕಟ್ಟಿದರು. ಅದು 1996ರಲ್ಲಿ ಅಚ್ಚಾಯಿತು. ಕೆಲಸ ದೊಡ್ಡದು, ಒಪ್ಪೋಣ. ಆದರೆ ಈಗ 1916ರ ಪಾಠವನ್ನು ನುಡಿಸುವವರೇ ಅಪರೂಪ. ದೊಡ್ಡ ಥಿಯೇಟರಿನಲ್ಲಿ ಯಾವ ವಾದ್ಯ ಕೇಳಿಸುತ್ತದೆ, ಯಾವುದು ಮುಳುಗುತ್ತದೆ ಎಂಬುದು ಕೊವಾರ್ಜೊವಿಟ್ಸ್‌ಗೆ ಚೆನ್ನಾಗಿ ಗೊತ್ತಿತ್ತು. ಆ ಪಾಠವೂ ರಂಗದ ಮೇಲೆ ಬದುಕಿರಲಿ ಅನ್ನುವುದಷ್ಟೇ ನನ್ನ ವಾದ.

ಬರ್ನೋವಾಸಿ:
ತಂತಿಮರ ಅವರೇ, ನಾನು ಕೆಲಸಕ್ಕೆಂದು ಬಂದು ಈ ಊರಲ್ಲೇ ಇದ್ದೇನೆ. ಇಲ್ಲಿ ಎರಡು ವರ್ಷಕ್ಕೊಮ್ಮೆ ಯಾನಾಚೆಕ್ ಉತ್ಸವ ನಡೆಯುತ್ತದೆ. ನಿಮ್ಮ ಕಥೆಯಲ್ಲಿ ಮುಖ್ಯವಾದ ಒಂದು ಜಾಗ ಬಿಟ್ಟುಹೋಗಿದೆ. ಅದೇ ಕೊನೆಯ ದೃಶ್ಯ.

ಯೆನೂಫಾಳ ಮಲತಾಯಿ ಮರ್ಯಾದೆಗೆ ಅಂಜಿ, ಮದುವೆಗೆ ಮೊದಲೇ ಹುಟ್ಟಿದ ಮಗುವನ್ನು ಹೆಪ್ಪುಗಟ್ಟಿದ ಹೊಳೆಗೆ ಹಾಕಿರುತ್ತಾಳೆ. ವಿಷಯ ಬಯಲಾಗುತ್ತದೆ. ಯೆನೂಫಾ ಆಕೆಯನ್ನು ಕ್ಷಮಿಸುತ್ತಾಳೆ. ಎಲ್ಲರೂ ಹೋದ ಮೇಲೆ ಉಳಿಯುವುದು ಅವಳು ಮತ್ತು ಅವಳನ್ನು ಪ್ರೀತಿಸುವ ಲಾಟ್ಸಾ ಇಬ್ಬರೇ. ಇಲ್ಲಿ ಕೊವಾರ್ಜೊವಿಟ್ಸ್ ಏನು ಮಾಡಿದ? ಪಿಟೀಲುಗಳ ರಾಗವನ್ನು ಹಿತ್ತಾಳೆ ವಾದ್ಯಗಳು ಹಿಂದಿನಿಂದ ಹಿಡಿದು ಮತ್ತೆ ನುಡಿಯುವ ಹಾಗೆ ಮಾಡಿದ. ಮೆರವಣಿಗೆ ಹೊರಟ ಹಾಗೆ ಕೇಳುತ್ತದೆ. ಯಾನಾಚೆಕ್ ಬರೆದಿದ್ದರಲ್ಲಿ ಆ ಜಂಬ ಇಲ್ಲ. ಇಬ್ಬರಿಗೂ ಮುಂದೇನು ಗೊತ್ತಿಲ್ಲ, ಆದರೂ ಜೊತೆಗೆ ನಡೆಯುತ್ತಾರೆ. ಕೊವಾರ್ಜೊವಿಟ್ಸ್ ಮುಟ್ಟಿದ್ದು ವಾದ್ಯಗಳನ್ನಷ್ಟೇ ಅಲ್ಲ, ಕಥೆಯ ಅರ್ಥವನ್ನೂ.

ಶ್ರುತಿಪೆಟ್ಟಿಗೆ:
ನಾನು ಕರ್ನಾಟಕ ಸಂಗೀತದವಳು. ನಮ್ಮಲ್ಲಿ ಈ ಜಗಳವೇ ಇಲ್ಲ ನೋಡಿ. ಒಂದೇ ತ್ಯಾಗರಾಜರ ಕೃತಿಗೆ ಒಂದೊಂದು ಶಿಷ್ಯ ಪರಂಪರೆಯಲ್ಲಿ ಒಂದೊಂದು ಪಾಠಾಂತರ. ಸಂಗತಿಗಳನ್ನು (ಒಂದೇ ಸಾಲನ್ನು ಬೇರೆ ಬೇರೆಯಾಗಿ ಹಾಡುವ ಬಗೆಗಳನ್ನು) ಆಮೇಲಿನವರು ಸೇರಿಸುತ್ತಾ ಬಂದಿದ್ದಾರೆ. ‘ತ್ಯಾಗರಾಜರು ಬರೆದಷ್ಟೇ ಹಾಡಿ’ ಅಂದರೆ ಅರ್ಧ ಕಚೇರಿ ನಿಂತುಹೋಗುತ್ತದೆ. ಚೆನ್ನಾಗಿದ್ದರೆ ಉಳಿಯುತ್ತದೆ, ಇಲ್ಲದಿದ್ದರೆ ಬಿದ್ದುಹೋಗುತ್ತದೆ. 1916ರದ್ದು 80 ವರ್ಷ ಉಳಿಯಿತಲ್ಲ, ಅದೇ ಸಾಕ್ಷಿ ಅಲ್ವಾ?

ಹಳೇರೇಡಿಯೋ:
ಅಮ್ಮಾ, ಇಲ್ಲಿ ಆ ಹೋಲಿಕೆ ಕೂರುವುದಿಲ್ಲ. ಪಾಠಾಂತರ ಹುಟ್ಟುವುದು ಗುರುವಿನ ಮೇಲಿನ ಭಕ್ತಿಯಿಂದ, ಹಾಡುತ್ತಾ ಹಾಡುತ್ತಾ. ಇಲ್ಲಿ ನಡೆದದ್ದೇ ಬೇರೆ. ಹನ್ನೆರಡು ವರ್ಷ ಕಾದು ಕೂತವನಿಗೆ ‘ಕತ್ತರಿಗೆ ಒಪ್ಪು, ಇಲ್ಲವಾದರೆ ರಂಗವಿಲ್ಲ’ ಎಂದರು. ಒಪ್ಪದೆ ಏನು ಮಾಡುತ್ತಾನೆ? 80 ವರ್ಷ ಉಳಿದದ್ದೂ ಜನ ಆರಿಸಿಕೊಂಡದ್ದರಿಂದ ಅಲ್ಲ. ಥಿಯೇಟರುಗಳ ಕೈಗೆ ಸಿಗುತ್ತಿದ್ದದ್ದೇ ಆ ಪ್ರತಿ. ಬೇರೆಯದು ಸಿಕ್ಕ ಮೇಲೆ ಎಷ್ಟು ಬೇಗ ಬದಲಾಯಿತು ನೋಡಿ.

ಇದರಲ್ಲಿ ಒಂದು ತಮಾಷೆಯಿದೆ. ಮೆಕೆರಾಸ್ 1947ರಲ್ಲಿ ಪ್ರಾಗ್‌ಗೆ ಹೋಗಿ ಕಲಿತದ್ದು ವಾಟ್ಸ್ಲಾವ್ ತಾಲಿಖ್ ಎಂಬ ಕಂಡಕ್ಟರ್ ಹತ್ತಿರ. ಆ ತಾಲಿಖ್ ಕೂಡ ಯಾನಾಚೆಕ್‌ನ ಸ್ಕೋರುಗಳನ್ನು (ಸ್ವರಲಿಪಿಗಳನ್ನು) ಧಾರಾಳವಾಗಿ ತಿದ್ದುತ್ತಿದ್ದವರೇ. ‘ಜಾಣ ಹೆಣ್ಣುನರಿ’ ಒಪೆರಾದಿಂದ ಅವರು ಮಾಡಿದ ಸೂಟ್, ಅಂದರೆ ವಾದ್ಯಗಳಿಗಷ್ಟೇ ಜೋಡಿಸಿದ ತುಣುಕುಗಳು, ಕೇಳಿ. ಎಲ್ಲ ನುಣ್ಣಗೆ, ಮೆತ್ತಗೆ. ತಿದ್ದುವ ಗುರುವಿನ ಶಿಷ್ಯನೇ ತಿದ್ದುಪಡಿ ಕೀಳುವುದಕ್ಕೆ ಜೀವನ ಕೊಟ್ಟ. 1951ರಲ್ಲಿ ಲಂಡನ್‌ನ ಸ್ಯಾಡ್ಲರ್ಸ್ ವೆಲ್ಸ್‌ನಲ್ಲಿ ‘ಕಾತ್ಯಾ ಕಬಾನೊವಾ’ ಮಾಡಿದ್ದರಿಂದ ಹಿಡಿದು 2010ರಲ್ಲಿ ತೀರಿಕೊಳ್ಳುವ ತನಕ ಅವರು ಯಾನಾಚೆಕ್‌ನನ್ನು ಬಿಡಲಿಲ್ಲ.

ಕಡಲೆಪುರಿ:
ಗುರುಗಳೇ, ನಾನು ಯಾನಾಚೆಕ್‌ನ ಆರ್ಕೆಸ್ಟ್ರಾ ಕೃತಿ ‘ಸಿನ್‌ಫೊನಿಯೆಟ್ಟಾ’ ಒಂದನ್ನೇ ಕೇಳಿರುವುದು. ಟ್ರಂಪೆಟ್ ಸಾಲಾಗಿ ನಿಂತು ಊದುತ್ತಾರಲ್ಲ, ಅದು. ಅದರಲ್ಲೂ ಇಂಥ ಗಲಾಟೆ ಇದೆಯಾ, ಇಲ್ಲಾ ನಾನು ನೆಮ್ಮದಿಯಾಗಿ ಕೇಳಬಹುದಾ?

ಬರ್ನೋವಾಸಿ:
ಕೇಳಿ ಕೇಳಿ. 😄 ಅದರಲ್ಲಿ ಜಗಳ ಪಾಠದ್ದಲ್ಲ, ಜನ ಹೊಂದಿಸುವುದರದ್ದು. ಒಟ್ಟು 25 ಹಿತ್ತಾಳೆ ವಾದ್ಯ ಬೇಕು, ಅದರಲ್ಲಿ ಟ್ರಂಪೆಟ್ಟೇ 12. ಮೊದಲ ಭಾಗದಲ್ಲಿ ತಂತಿ ವಾದ್ಯವೇ ಇಲ್ಲ. 9 ಟ್ರಂಪೆಟ್, 2 ಬಾಸ್ ಟ್ರಂಪೆಟ್, 2 ಟೆನರ್ ಟ್ಯೂಬಾ, ಟಿಂಪನಿ (ದೊಡ್ಡ ನಗಾರಿ), ಅಷ್ಟೇ. ಪೀಸೆಕ್ ಊರಲ್ಲಿ ಸೈನ್ಯದ ಬ್ಯಾಂಡ್ ಕೇಳಿದ್ದೇ ಅದಕ್ಕೆ ಪ್ರೇರಣೆ. ಬರೆದದ್ದು 1926ರ ಸೊಕೊಲ್ ವ್ಯಾಯಾಮ ಉತ್ಸವಕ್ಕೆ. ಮೊದಲು ನಡೆಸಿದ್ದು ಇದೇ ತಾಲಿಖ್, ಜೂನ್ 26ಕ್ಕೆ, ಪ್ರಾಗ್‌ನಲ್ಲಿ. ಉಳಿದ ನಾಲ್ಕು ಭಾಗಗಳು ನಮ್ಮ ಊರಿನವು: ಕೋಟೆ, ರಾಣಿಯ ಮಠ, ಬೀದಿ, ಪುರಭವನ. ಎಲ್ಲ ಸೇರಿ ಸುಮಾರು 25 ನಿಮಿಷ. ಅಷ್ಟು ಹೊತ್ತಿಗೆ ಅಷ್ಟೊಂದು ಊದುವವರಿಗೆ ದುಡ್ಡು ಕೊಡಬೇಕಲ್ಲ, ಅದಕ್ಕೇ ಆರ್ಕೆಸ್ಟ್ರಾಗಳು ಹಿಂದೆ ಮುಂದೆ ನೋಡುತ್ತವೆ.

ತಂತಿಮರ:
ಮತ್ತೆ ವಿಷಯಕ್ಕೆ ಬರೋಣ. ಹಳೇರೇಡಿಯೋ ಸಾರ್, ಒತ್ತಾಯಕ್ಕೆ ಒಪ್ಪಿದ ತಿದ್ದುಪಡಿ ಲೆಕ್ಕಕ್ಕಿಲ್ಲ ಅನ್ನುತ್ತೀರಿ. ಅವನೇ ಮಾಡಿದ ತಿದ್ದುಪಡಿಗೆ ಏನು ಹೇಳುತ್ತೀರಿ? ‘ಗ್ಲಾಗೊಲಿಟಿಕ್ ಮಾಸ್’ ನೋಡಿ. ಹಳೇ ಸ್ಲಾವೊನಿಕ್ ಭಾಷೆಯ ಪೂಜಾ ಪಾಠಕ್ಕೆ ಕಟ್ಟಿದ ದೊಡ್ಡ ಕೃತಿ, 1927ರ ಡಿಸೆಂಬರ್ 5ರಂದು ಬರ್ನೋದಲ್ಲಿ ಮೊದಲ ಪ್ರದರ್ಶನ. ಆ ಹೊತ್ತಿನಲ್ಲಿ ಅವನೇ ಬಹಳ ಕಡೆ ಬದಲಾಯಿಸಿದ. ಮೊದಲಿನ ಪಾಠದಲ್ಲಿ ಶಿಲುಬೆಗೇರಿಸುವ ಜಾಗಕ್ಕೆ ಮೂರು ಜೊತೆ ಟಿಂಪನಿ ಇತ್ತು. ಶುರುವಿನ ಭಾಗದಲ್ಲಿ ಬೇರೆ ಬೇರೆ ಲಯಗಳು ಒಂದರ ಮೇಲೊಂದು ಓಡುತ್ತಿದ್ದವು. ಅಚ್ಚಾದ ಪಾಠದಲ್ಲಿ ಎಲ್ಲ ಸರಳ. ಪಾಲ್ ವಿಂಗ್‌ಫೀಲ್ಡ್ ಎಂಬ ವಿದ್ವಾಂಸ ಆ ಹಳೆಯದನ್ನು ಮತ್ತೆ ಕಟ್ಟಿದ, ಮೆಕೆರಾಸ್ ಅದನ್ನೂ ರೆಕಾರ್ಡ್ ಮಾಡಿದರು. ಈಗ ಅದೇ ‘ಅಸಲಿ’ ಎಂದು ಮಾರಾಟವಾಗುತ್ತಿದೆ! ಬರೆದವನೇ ಕೈಬಿಟ್ಟದ್ದನ್ನು ಅಸಲಿ ಅನ್ನುವುದು ಯಾವ ನ್ಯಾಯ?

ಹಳೇರೇಡಿಯೋ:
ಕೈಬಿಟ್ಟದ್ದು ಯಾಕೆ ಅಂತಲೂ ಕೇಳಬೇಕಲ್ಲ. ಬರ್ನೋದ ಆರ್ಕೆಸ್ಟ್ರಾಗೆ ನುಡಿಸಲು ಕಷ್ಟವಾಯಿತು, ಅದಕ್ಕೆ ಸರಳ ಮಾಡಿದ ಅನ್ನುತ್ತಾರೆ ಒಂದು ಕಡೆಯವರು. ಹಾಗಿದ್ದರೆ ಅದೂ ಒತ್ತಾಯವೇ.

ಬರ್ನೋವಾಸಿ:
ಈ ಊರಿನ ವಿದ್ವಾಂಸ ಇರ್ಜಿ ಜಾಹ್ರಾಡ್ಕಾ ಅದನ್ನು ಒಪ್ಪುವುದಿಲ್ಲ. ಯಾನಾಚೆಕ್ ಕೇಳಿ ನೋಡಿ, ತನಗೇ ಬೇಕೆನಿಸಿ ಬದಲಾಯಿಸಿದ್ದು ಎಂಬುದು ಅವರ ನಿಲುವು. ನಾನೂ ಆ ಕಡೆಗೇ. ಯಾನಾಚೆಕ್ ಹಾಳೆ ನೋಡಿ ತೂಗುವವನಲ್ಲ, ಕಿವಿಯಿಂದ ಕೆಲಸ ಮಾಡುವವನು. ಎರಡನೇ ಕ್ವಾರ್ಟೆಟ್ (ನಾಲ್ಕು ತಂತಿವಾದ್ಯಗಳ ಕೃತಿ) ‘ಗುಟ್ಟಿನ ಪತ್ರಗಳು’ ಶುರುವಾದದ್ದು ವಿಯೋಲಾ ದಾಮೋರೆ ಎಂಬ ಹಳೇ ವಾದ್ಯಕ್ಕೆ. ಆ ಹೆಸರಿನಲ್ಲೇ ಪ್ರೇಮ ಇದೆ, ಬರೆದದ್ದು ಕಮಿಲಾ ಸ್ಟೋಸ್ಲೊವಾ ಮೇಲಿನ ಪ್ರೇಮಕ್ಕೆ. ಆದರೆ ಅಭ್ಯಾಸದಲ್ಲಿ ಕೇಳಿದ ಮೇಲೆ ಆ ವಾದ್ಯವನ್ನು ತೆಗೆದು ಮಾಮೂಲಿ ವಿಯೋಲಾ ಹಾಕಿದ. ಈಗ ವಿಯೋಲಾ ದಾಮೋರೆ ಹಾಕಿ ರೆಕಾರ್ಡ್ ಮಾಡಿದವರಿದ್ದಾರೆ. ಕುತೂಹಲಕ್ಕೆ ಒಮ್ಮೆ ಕೇಳಬಹುದು. ಧ್ವನಿ ತೆಳು, ಬೇರೆ ಮೂರರ ನಡುವೆ ನಿಲ್ಲುವುದಿಲ್ಲ. ಅವನ ಕಿವಿ ಸರಿಯಾಗಿಯೇ ಇತ್ತು.

ಶ್ರುತಿಪೆಟ್ಟಿಗೆ:
ಹಾಗಾದರೆ ನಿಮ್ಮ ನಿಯಮ ಏನು ಬರ್ನೋವಾಸಿ ಅವರೇ? ಅವನು ಕೊನೆಗೆ ಹೇಳಿದ್ದೇ ಅಂತಿಮ ಅಂತಾದರೆ, ‘1.X.1905’ (1905ರ ಅಕ್ಟೋಬರ್ 1) ಪಿಯಾನೋ ಸೊನಾಟಾ ನುಡಿಸಲೇಬಾರದು. ನಮ್ಮ ಪಿಯಾನೋ ಮೇಷ್ಟ್ರು ಅದರ ಕಥೆ ಹೇಳಿದ್ದರು. ಬರ್ನೋದಲ್ಲಿ ಚೆಕ್ ವಿಶ್ವವಿದ್ಯಾಲಯ ಬೇಕೆಂಬ ಮೆರವಣಿಗೆಯಲ್ಲಿ ಫ್ರಾಂಟಿಶೆಕ್ ಪಾವ್ಲಿಕ್ ಎಂಬ ಕೂಲಿ ಹುಡುಗ ಸತ್ತ. ಅವನಿಗಾಗಿ ಬರೆದ ಸೊನಾಟಾದ ಮೂರನೇ ಭಾಗವನ್ನು ಯಾನಾಚೆಕ್ ಸುಟ್ಟುಹಾಕಿದ. ಉಳಿದೆರಡನ್ನು ಆಮೇಲೆ ವಲ್ತಾವಾ ನದಿಗೆ ಎಸೆದ. ಇದಕ್ಕಿಂತ ಸ್ಪಷ್ಟವಾಗಿ ‘ನುಡಿಸಬೇಡಿ’ ಎಂದು ಹೇಳುವುದಕ್ಕೆ ಆಗುತ್ತಾ?

ಬರ್ನೋವಾಸಿ:
ಮೊದಲು ನುಡಿಸಿದ ಲುಡ್ಮಿಲಾ ತುಚ್ಕೊವಾ ಒಂದು ಪ್ರತಿ ಇಟ್ಟುಕೊಂಡಿದ್ದರು ಮೇಡಂ. 1924ರಲ್ಲಿ ಅದು ಹೊರಗೆ ಬಂದಾಗ ಯಾನಾಚೆಕ್ ಬದುಕಿದ್ದ, ಅಚ್ಚಿಗೆ ಒಪ್ಪಿದ. ಆದ್ದರಿಂದ ಕೊನೆಯ ಮಾತು ‘ನುಡಿಸಿ’ ಎಂದೇ ಆಯಿತು.

ಶ್ರುತಿಪೆಟ್ಟಿಗೆ:
ಒಪ್ಪಿದ, ಸರಿ. ಆದರೆ ತುಚ್ಕೊವಾ ಆ ಪ್ರತಿಯನ್ನು ಅವನನ್ನು ಕೇಳಿ ಇಟ್ಟುಕೊಂಡಿದ್ದರಾ? ಮಾತು ಕೇಳದವರೊಬ್ಬರು ಇದ್ದದ್ದರಿಂದಲೇ ಅದು ಉಳಿಯಿತು. ಇನ್ನೊಂದು ನೋಡಿ, ‘ಯೆನೂಫಾ’ವನ್ನು ಜರ್ಮನ್‌ಗೆ ತಂದವರು ಮ್ಯಾಕ್ಸ್ ಬ್ರೋಡ್. ಸ್ನೇಹಿತ ಕಾಫ್ಕಾ ‘ಸುಟ್ಟುಬಿಡು’ ಎಂದ ಹಸ್ತಪ್ರತಿಗಳನ್ನು ಸುಡದೆ ಅಚ್ಚು ಹಾಕಿಸಿದವರೂ ಅವರೇ. ನಾನು ಇಂಥವರ ಪಕ್ಷ.

ಕಡಲೆಪುರಿ:
ಈ ಸುತ್ತು ಶ್ರುತಿಪೆಟ್ಟಿಗೆ ಮೇಡಂಗೆ.

ಹಳೇರೇಡಿಯೋ:
ಉಳಿಸುವುದು ಬೇರೆ, ಬಣ್ಣ ಬಳಿಯುವುದು ಬೇರೆ. ತುಚ್ಕೊವಾ ಒಂದು ಸ್ವರ ಬದಲಾಯಿಸಲಿಲ್ಲ.

ಎಲ್ಲರೂ ಮರೆತಿರುವ ಕೇಸ್ ಒಂದಿದೆ: ‘ಸತ್ತವರ ಮನೆಯಿಂದ’. ದಾಸ್ತೊಯೆವ್‌ಸ್ಕಿಯ ಸೈಬೀರಿಯಾ ಜೈಲಿನ ಬರಹದಿಂದ ಮಾಡಿದ ಕೊನೆಯ ಒಪೆರಾ. 1928ರ ಆಗಸ್ಟ್ 12ರಂದು ಯಾನಾಚೆಕ್ ತೀರಿಕೊಂಡಾಗ ಅದರ ಪ್ರತಿ ಮೇಜಿನ ಮೇಲಿತ್ತು. ಅವನು ಗೆರೆ ಹೊಡೆದ ಸಂಗೀತದ ಹಾಳೆ ಬಿಟ್ಟು, ಖಾಲಿ ಹಾಳೆಯಲ್ಲಿ ಬೇಕಾದಷ್ಟೇ ಗೆರೆ ಕೈಯಲ್ಲಿ ಎಳೆದು ಬರೆದಿದ್ದ. ಎತ್ತರದಲ್ಲಿ ಪಿಕೊಲೊ, ಆಳದಲ್ಲಿ ಟ್ರೊಂಬೋನ್, ನಡುವೆ ಖಾಲಿ. ವಾದ್ಯಗಳ ನಡುವೆ ಜೈಲಿನ ಸರಪಳಿಯ ಸದ್ದೂ ಇದೆ. ಶಿಷ್ಯರಾದ ಬಕಲಾ ಮತ್ತು ಖ್ಲುಬ್ನಾ ಇದನ್ನು ನೋಡಿ ‘ಪಾಪ, ಮುಗಿಸಲಿಲ್ಲ’ ಎಂದುಕೊಂಡರು. ಖಾಲಿ ಜಾಗವನ್ನೆಲ್ಲ ತುಂಬಿದರು. ಅಷ್ಟಕ್ಕೇ ಬಿಡಲಿಲ್ಲ. ಅವನು ಬರೆದ ಕೊನೆಯಲ್ಲಿ ಒಬ್ಬ ಬಿಡುಗಡೆಯಾಗಿ ಹೋಗುತ್ತಾನೆ, ಹದ್ದನ್ನು ಹಾರಿಬಿಡುತ್ತಾರೆ, ಉಳಿದ ಕೈದಿಗಳನ್ನು ಕಾವಲುಗಾರರು ಮತ್ತೆ ಕೆಲಸಕ್ಕೆ ಅಟ್ಟುತ್ತಾರೆ. ಖ್ಲುಬ್ನಾ ಇದನ್ನು ಕಿತ್ತು, ಸ್ವಾತಂತ್ರ್ಯವನ್ನು ಕೊಂಡಾಡುವ ಕೋರಸ್ ಹಾಕಿದ. 1930ರ ಏಪ್ರಿಲ್‌ನಲ್ಲಿ ಬರ್ನೋದ ಜನ ನೋಡಿದ್ದು ಅದನ್ನೇ.

ತಂತಿಮರ, ‘ಎಲ್ಲ ಪಾಠವೂ ಬದುಕಿರಲಿ’ ಅಂದಿರಲ್ಲ. ಇದನ್ನೂ ಉಳಿಸಿಕೊಳ್ಳೋಣವಾ?

ತಂತಿಮರ:
ಇದನ್ನು ಬೇಡ. ಇಲ್ಲಿ ನಿಮ್ಮ ಜೊತೆ ನಿಲ್ಲುತ್ತೇನೆ. ಕೊವಾರ್ಜೊವಿಟ್ಸ್ ತಿದ್ದಿದಾಗ ಯಾನಾಚೆಕ್ ಎದುರಿಗಿದ್ದ, ಅಭ್ಯಾಸಗಳಿಗೆ ಹೋಗಿದ್ದ, ಜಗಳ ಆಡಬಹುದಿತ್ತು. ಖ್ಲುಬ್ನಾ ತಿದ್ದಿದಾಗ ಕೇಳುವವರಿರಲಿಲ್ಲ. ನನಗೆ ಇದು ದೊಡ್ಡ ವ್ಯತ್ಯಾಸ.

ಆದರೆ ‘ಅಸಲಿ’ ಅನ್ನುವವರೆಲ್ಲ ಮಾತೆತ್ತಿದರೆ ಮೆಕೆರಾಸ್‌ರ ಡೆಕ್ಕಾ ಕಂಪನಿಯ ರೆಕಾರ್ಡಿಂಗ್‌ಗಳನ್ನು ತೋರಿಸುತ್ತೀರಿ. 1976ರಿಂದ 1982ರ ತನಕ ಐದು ಒಪೆರಾ. ನುಡಿಸಿದವರು ಯಾರು? ವಿಯೆನ್ನಾ ಫಿಲ್‌ಹಾರ್ಮೋನಿಕ್! ಜಗತ್ತಿನಲ್ಲೇ ನುಣುಪಾದ ಪಿಟೀಲು ಸಾಲು. ಪಾಠ ಒರಟು, ಧ್ವನಿ ರೇಷ್ಮೆ. 1969ರಲ್ಲಿ ಬೊಹುಮಿಲ್ ಗ್ರೆಗೋರ್ ಪ್ರಾಗ್‌ನವರಿಂದ ನುಡಿಸಿದ ‘ಯೆನೂಫಾ’ ಹಾಕಿ ಕೇಳಿ. ಪಾಠ ಕೊವಾರ್ಜೊವಿಟ್ಸ್‌ದೇ. ಆದರೂ ನಡೆಜ್ದಾ ಕ್ನಿಪ್ಲೊವಾ ಮಲತಾಯಿಯಾಗಿ ಹಾಡುವಾಗ ಮೈ ಜುಂ ಅನ್ನುತ್ತದೆ. ಯಾವುದರಲ್ಲಿ ಯಾನಾಚೆಕ್ ಜಾಸ್ತಿ ಇದ್ದಾನೆ ಹೇಳಿ.

ಹಳೇರೇಡಿಯೋ:
ಇದಕ್ಕೆ ನನ್ನ ಹತ್ತಿರ ಜವಾಬಿಲ್ಲ ಅಂದುಕೊಳ್ಳಬೇಡಿ. ವಿಯೆನ್ನಾದವರ ಹಾರ್ನ್‌ನಲ್ಲಿ ಬೇಕಾದಷ್ಟು ಖಾರ ಇದೆ. ಅವರ ‘ಸಿನ್‌ಫೊನಿಯೆಟ್ಟಾ’ ಕೇಳಿ, ಮೆತ್ತಗಿದೆ ಅನ್ನಿಸಿದರೆ ಹೇಳಿ. ಹಾಂ, ಆ ಕೃತಿಗೆ ನನಗೆ ಕಾರೆಲ್ ಆಂಚೆರ್ಲ್ 1961ರಲ್ಲಿ ಚೆಕ್ ಫಿಲ್‌ಹಾರ್ಮೋನಿಕ್ ಜೊತೆ ಮಾಡಿದ್ದೇ ಇನ್ನೂ ಇಷ್ಟ. ಟ್ರಂಪೆಟ್‌ಗಳು ಸ್ವಲ್ಪ ನಡುಗುತ್ತವೆ, ಊರ ಬ್ಯಾಂಡಿನವರ ಹಾಗೆ.

ಬರ್ನೋವಾಸಿ:
ಕ್ನಿಪ್ಲೊವಾ ವಿಷಯದಲ್ಲಿ ತಂತಿಮರ ಹೇಳಿದ್ದು ನಿಜ. ಅದಕ್ಕೆ ಕಾರಣ ಆರ್ಕೆಸ್ಟ್ರಾ ಅಲ್ಲ, ಭಾಷೆ. ಯಾನಾಚೆಕ್ ಸಂತೆಯಲ್ಲಿ, ರೈಲಿನಲ್ಲಿ ಜನ ಆಡುವ ಮಾತಿನ ಏರಿಳಿತವನ್ನು ಸ್ವರದಲ್ಲಿ ಬರೆದುಕೊಳ್ಳುತ್ತಿದ್ದ. 1903ರಲ್ಲಿ ಮಗಳು ಓಲ್ಗಾ ಸಾಯುವಾಗ ಅವಳ ಮಾತನ್ನೂ ಹಾಗೆಯೇ ಬರೆದುಕೊಂಡ. ‘ಯೆನೂಫಾ’ವನ್ನು ಅರ್ಪಿಸಿದ್ದು ಅವಳ ನೆನಪಿಗೇ. ಚೆಕ್‌ನಲ್ಲಿ ಒತ್ತು ಬೀಳುವುದು ಪದದ ಮೊದಲಿಗೆ. ಹ್ರಸ್ವ ದೀರ್ಘ ಮಾತ್ರ ನಮ್ಮ ಹಾಗೇ, ಎಲ್ಲಿ ಬೇಕಾದರೂ ಬರುತ್ತದೆ. ಹಾಡುವವರ ಸಾಲು ಮಾತ್ರವಲ್ಲ, ವಾದ್ಯಗಳ ತುಣುಕುಗಳೂ ಆ ಮಾತಿನ ಅಳತೆಯವು. ಜರ್ಮನ್‌ನಲ್ಲೋ ಇಂಗ್ಲಿಷ್‌ನಲ್ಲೋ ಹಾಡಿದರೆ ಹಾಡು ಒಂದು ಕಡೆ, ಆರ್ಕೆಸ್ಟ್ರಾ ಒಂದು ಕಡೆ.

ಶ್ರುತಿಪೆಟ್ಟಿಗೆ:
ಆದರೆ ಲಂಡನ್‌ನವರು 1951ರಲ್ಲಿ ಅವನನ್ನು ಕೇಳಿದ್ದು ಇಂಗ್ಲಿಷ್‌ನಲ್ಲೇ. ಅರ್ಥ ಆಗಿದ್ದಕ್ಕೇ ಅಲ್ಲಿ ಯಾನಾಚೆಕ್ ಬೇರೂರಿದ್ದು. ಆಗ ರಂಗದ ಮೇಲೆ ಅನುವಾದ ತೋರಿಸುವ ಪರದೆ ಇರಲಿಲ್ಲ. ಈಗ ಪರದೆ ಇದೆ, ಚೆಕ್‌ನಲ್ಲೇ ಹಾಡಲಿ. ಆದರೆ ಹಳಬರನ್ನು ಬಯ್ಯಬೇಡಿ.

ಕಡಲೆಪುರಿ:
ಕೊನೆಗೆ ನಾನು ಯಾವ ‘ಯೆನೂಫಾ’ ಕೇಳಲಿ ಅಂತ ಯಾರೂ ಹೇಳಲೇ ಇಲ್ಲ.

ತಂತಿಮರ:
ಡೆಕ್ಕಾದ್ದನ್ನೇ ತಗೊಳ್ಳಿ. ಎಲಿಸಬೆತ್ ಸೋಡರ್‌ಸ್ಟ್ರೋಮ್ ಯೆನೂಫಾ, ಇವಾ ರಾಂಡೊವಾ ಮಲತಾಯಿ. ಕಾರಣ ಹಾಡುಗಾರರಲ್ಲ. ಮೆಕೆರಾಸ್ ಅದರಲ್ಲಿ ಕೊವಾರ್ಜೊವಿಟ್ಸ್‌ನ ಕೊನೆಯ ದೃಶ್ಯವನ್ನೂ ಅನುಬಂಧವಾಗಿ ಸೇರಿಸಿದ್ದಾರೆ. ಎರಡನ್ನೂ ಬೆನ್ನುಬೆನ್ನಿಗೆ ಕೇಳಿ ನೀವೇ ತೀರ್ಮಾನ ಮಾಡಿ. ತಿದ್ದುಪಡಿ ಕಿತ್ತವರೇ ಅದನ್ನು ಎಸೆಯದೆ ಹಿಂದೆ ಇಟ್ಟರಲ್ಲ, ನಾನು ಕೇಳುತ್ತಿರುವುದೂ ಅಷ್ಟನ್ನೇ.

ಹಳೇರೇಡಿಯೋ:
ಅನುಬಂಧದಲ್ಲಿ ಇರಲಿ, ಬೇಡ ಅಂದವರು ಯಾರು. ರಂಗದ ಮೇಲೆ ಬೇಡ. ಕಡಲೆಪುರಿ, ಕೊನೆಯ ದೃಶ್ಯ ಒಂದನ್ನೇ ಕತ್ತರಿಸಿ ಕೇಳಿ ತೀರ್ಪು ಕೊಡಬೇಡಪ್ಪ. ಮೂರೂ ಅಂಕ ಕೇಳು, ಎರಡು ಗಂಟೆ ಚಿಲ್ಲರೆ ಅಷ್ಟೆ. ಎರಡನೇ ಅಂಕದಲ್ಲಿ ಗಾಳಿಗೆ ಕಿಟಕಿ ತೆರೆದುಕೊಂಡಾಗ ಆ ಮಲತಾಯಿ ಕಿರುಚುತ್ತಾಳೆ. ಅದನ್ನು ಕೇಳಿ ಬಂದವನಿಗೆ ಆ ಹಿತ್ತಾಳೆ ಮೆರವಣಿಗೆ ಹೇಗೆ ಕೇಳಿಸುತ್ತದೆ ಅಂತ ಆಮೇಲೆ ಬಂದು ಹೇಳು.