ಕೋಥ್ರೂಡಿನ ಹಳೆ ರೋ ಹೌಸೋ, ಉಂಡ್ರಿಯ ಹೊಸದೋ?

ಪ್ರಶ್ನೆ: ನಾವು ಧಾರವಾಡದವರು, ಪುಣೆಗೆ ಬಂದು ಬಹಳ ವರ್ಷವಾಯಿತು. ಅಪ್ಪ-ಅವ್ವನಿಗೆ ಫ್ಲ್ಯಾಟ್ ಒಗ್ಗುತ್ತಿಲ್ಲ, ಅಂಗಳ ಬೇಕು. ಎರಡು ಮನೆ ನೋಡಿದ್ದೇವೆ. ಒಂದು ಕೋಥ್ರೂಡಿನ ಹೌಸಿಂಗ್ ಸೊಸೈಟಿಯಲ್ಲಿ 1978ರಲ್ಲಿ ಕಟ್ಟಿದ ರೋ ಹೌಸ್ (ಗೋಡೆಗೆ ಗೋಡೆ ಅಂಟಿದ ಸಾಲುಮನೆ). ಚಿಕ್ಕದು, ದುಬಾರಿ, ಮೇಲಿನ ಬಚ್ಚಲಿನ ಕೆಳಗೆ ಸ್ಲ್ಯಾಬ್ ಉದುರುತ್ತಿದೆ. ಇನ್ನೊಂದು ಉಂಡ್ರಿ ಕಡೆ ಇನ್ನೂ ಕಟ್ಟುತ್ತಿರುವುದು, ದೊಡ್ಡದು. ಮನೆಯವರೆಲ್ಲ ಹೊಸದೇ ಇರಲಿ ಅನ್ನುತ್ತಾರೆ. ಗುಂಪಿನಲ್ಲಿರುವ ಎಂಜಿನಿಯರ್ ಸಾಹೇಬರು ಏನನ್ನುತ್ತೀರಿ?

ಉತ್ತರ (ಸ್ಟ್ರಕ್ಚರಲ್ ಎಂಜಿನಿಯರ್): ವಯಸ್ಸನ್ನು ಸ್ವಲ್ಪ ಬದಿಗಿಡಿ. ಸ್ಲ್ಯಾಬು, ಪೈಪು, ವೈರಿಂಗ್ ಇವೆಲ್ಲ ದುಡ್ಡು ಹಾಕಿದರೆ ಸರಿಹೋಗುತ್ತವೆ. ನೆಲದ ಕಾಗದ ಕೆಟ್ಟಿದ್ದರೆ, ನೀರು ಬರದಿದ್ದರೆ ಕೊಂಡವರ ಕೈಯಲ್ಲಿ ಏನೂ ಉಳಿಯುವುದಿಲ್ಲ. ಮೊದಲು ಅವೆರಡನ್ನು ನೋಡಿ.

ಕೋಥ್ರೂಡಿನಂಥ ಹಳೆ ಸೊಸೈಟಿಗಳಲ್ಲಿ ಎಷ್ಟೋ ಕಡೆ ನೆಲ ಸೊಸೈಟಿಯದೇ ಆಗಿರುತ್ತದೆ, ಸದಸ್ಯರಿಗೆ ಸಿಗುವುದು ದೀರ್ಘಾವಧಿ ಲೀಸ್. ಪ್ರಾಪರ್ಟಿ ಕಾರ್ಡಿನಲ್ಲಿ (ನಗರದ ಜಾಗದ ಸರಕಾರಿ ದಾಖಲೆ) ಯಾರ ಹೆಸರಿದೆ, ಲೀಸ್ ಇನ್ನೆಷ್ಟು ವರ್ಷವಿದೆ ಎಂದು ವಕೀಲರಿಂದ ಓದಿಸಿ. ಬ್ಯಾಂಕಿನವರೂ ಹಳೆ ಕಟ್ಟಡಕ್ಕೆ ಸಾಲದ ಅವಧಿ ಕಡಿಮೆ ಮಾಡಬಹುದು, ಈಗಲೇ ಕೇಳಿ.

ಸ್ಲ್ಯಾಬ್ ಉದುರುವುದಕ್ಕೆ ಹೆದರಿ ಓಡಿಬರಬೇಡಿ. ಬಚ್ಚಲ ನೀರು ಇಳಿದು ಒಳಗಿನ ಕಬ್ಬಿಣದ ಸಳಿಗೆ ತುಕ್ಕು ಹಿಡಿಯುತ್ತದೆ, ತುಕ್ಕು ಉಬ್ಬಿ ಕಾಂಕ್ರೀಟನ್ನು ಹೊರಕ್ಕೆ ತಳ್ಳುತ್ತದೆ. ಅಷ್ಟೇ ಜಾಗದಲ್ಲಿದ್ದರೆ ಒಡೆದು, ಸಳಿ ಸ್ವಚ್ಛಮಾಡಿ, ಹೊಸದಾಗಿ ತುಂಬಿ, ಮೇಲೆ ವಾಟರ್‌ಪ್ರೂಫಿಂಗ್ ಮಾಡಿಸಿದರೆ ಮುಗಿಯಿತು. ಕಾಲಮ್ಮಿನ (ಕಾಂಕ್ರೀಟ್ ಕಂಬದ) ಉದ್ದಕ್ಕೂ ಸಳಿಯ ನೇರದಲ್ಲೇ ಸೀಳು ಕಂಡರೆ ಅದು ಗಂಭೀರ. ಕಾಂಕ್ರೀಟಿನ ಗಟ್ಟಿತನ, ಒಳಗಿನ ತುಕ್ಕು ತಿಳಿಯಲು ರಿಬೌಂಡ್ ಹ್ಯಾಮರ್, ಅಲ್ಟ್ರಾಸಾನಿಕ್, ಹಾಫ್ ಸೆಲ್ ಪರೀಕ್ಷೆ ಮಾಡಿಸಿ. 30 ವರ್ಷ ದಾಟಿದ ಕಟ್ಟಡಕ್ಕೆ ಸ್ಟ್ರಕ್ಚರಲ್ ಆಡಿಟ್ (ಕಟ್ಟಡದ ಬಲದ ತಪಾಸಣೆ) ಮಹಾನಗರಪಾಲಿಕೆ ಕಾಯ್ದೆಯ ಪ್ರಕಾರವೇ ಆಗಬೇಕು, ಆ ವರದಿ ಕೇಳಿ. ಆಗಿನ ರೋ ಹೌಸ್‌ಗಳಲ್ಲಿ ಕಾಲಮ್ಮೇ ಇಲ್ಲದೆ ಇಟ್ಟಂಗಿ ಗೋಡೆಯೇ ಭಾರ ಹೊರುವಂಥವೂ ಇವೆ. ಹಾಗಿದ್ದರೆ ಹಾಲ್ ದೊಡ್ಡದಾಗಲೆಂದು ನಡುಗೋಡೆ ಕೆಡವುವ, ಮೇಲೊಂದು ಮಾಳಿಗೆ ಏರಿಸುವ ಆಸೆ ದಯವಿಟ್ಟು ಬೇಡ. ಭೂಕಂಪದ ಭಯವೂ ಇದೆ, 1967ರ ಕೊಯ್ನಾ ಭೂಕಂಪದ ನಡುಕ ಪುಣೆಗೂ ತಟ್ಟಿತ್ತು. ಇನ್ನೊಂದು ಮಾತು, ರೋ ಹೌಸಿನಲ್ಲಿ ಪಕ್ಕದ ಗೋಡೆ ನೆರೆಯವರದೂ ಹೌದು. ಮುಂದೆ ಕೆಡವಿ ಕಟ್ಟುವ ವಿಚಾರವಿದ್ದರೆ ಅವರನ್ನು ಬಿಟ್ಟು ಏನೂ ಆಗದು.

ಉಂಡ್ರಿ 2017ರಲ್ಲಿ ಪಾಲಿಕೆಗೆ ಸೇರಿದ ಹಳ್ಳಿ. ಆ ಕಡೆ ನನಗಿರುವ ಮೊದಲ ಭಯ ಗುಂಠೇವಾರಿ. ಹೊಲವನ್ನು ಗುಂಟೆ ಲೆಕ್ಕದಲ್ಲಿ ಅಕ್ರಮವಾಗಿ ತುಂಡುಮಾಡಿ ಮಾರಿ, ಅದರ ಮೇಲೆ ಚೆಂದದ ಮನೆ ಎಬ್ಬಿಸಿರುತ್ತಾರೆ. ಸಾತ್‌ಬಾರಾ ಉತಾರೆಯಲ್ಲಿ (ಹೊಲದ ಒಡೆತನದ ಸರಕಾರಿ ದಾಖಲೆ, ನಮ್ಮ ಕಡೆಯ ಪಹಣಿಯಂತೆ) ಹತ್ತಾರು ಹೆಸರು ಕಂಡರೆ ಅಲ್ಲೇ ನಿಲ್ಲಿ. ಎನ್‌ಎ (ಕೃಷಿಯೇತರ ಬಳಕೆಯ) ದಾಖಲೆ, ಮಂಜೂರಾದ ನಕ್ಷೆ, ಮಹಾರೇರಾ (ರಾಜ್ಯದ ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನಂಬರ್ ಮೂರೂ ಇರಲಿ. ಜಾಗ 500 ಚದರ ಮೀಟರ್ ಮೀರದಿದ್ದರೆ ಅಥವಾ ಎಂಟಕ್ಕಿಂತ ಹೆಚ್ಚು ಮನೆ ಇಲ್ಲದಿದ್ದರೆ ರೇರಾ ನೋಂದಣಿ ಕಡ್ಡಾಯವಲ್ಲ, ಸಣ್ಣ ರೋ ಹೌಸ್ ಪ್ರಾಜೆಕ್ಟುಗಳು ಇಲ್ಲೇ ನುಸುಳುತ್ತವೆ. ನೋಂದಣಿಯಾಗಿದ್ದರೆ, ಸ್ವಾಧೀನ ಕೊಟ್ಟ ದಿನದಿಂದ 5 ವರ್ಷದೊಳಗೆ ಕಾಣುವ ರಚನಾ ದೋಷವನ್ನು ಬಿಲ್ಡರ್ ತನ್ನ ಖರ್ಚಿನಲ್ಲಿ ಸರಿಪಡಿಸಬೇಕು. ಕಟ್ಟುತ್ತಿರುವ ಮನೆಗೆ ಸಾಮಾನ್ಯವಾಗಿ 5% ಜಿಎಸ್‌ಟಿ, ಹಳೆ ಮನೆಗೆ ಅದಿಲ್ಲ.

ಆ ಜಾಗ ಎರೆಮಣ್ಣಿನದಾಗಿದ್ದರೆ ಅದರ ಗುಣ ಧಾರವಾಡದವರಾದ ನಿಮಗೆ ಹೇಳಬೇಕಿಲ್ಲ. ಮಳೆಯಲ್ಲಿ ಉಬ್ಬಿ ಬೇಸಿಗೆಯಲ್ಲಿ ಬಿರಿಯುತ್ತದೆ. ಬುನಾದಿ ಅದರಡಿಯ ಗಟ್ಟಿ ಮೊರಂ (ಗರಸು ನೆಲ) ಮುಟ್ಟಿದೆಯೇ ಎಂದು ಮಣ್ಣು ಪರೀಕ್ಷೆಯ ವರದಿ ಕೇಳಿ. ನೀರಿಗೆ ಮಾತ್ರ ಬಿಲ್ಡರನನ್ನು ಕೇಳಬೇಡಿ. ಅಕ್ಕಪಕ್ಕದ ಸೊಸೈಟಿಯಲ್ಲಿ ಮೇ ತಿಂಗಳ ಟ್ಯಾಂಕರ್ ಬಿಲ್ ಎಷ್ಟೆಂದು ಕೇಳಿ.

ನನ್ನ ಒಲವು ಕೋಥ್ರೂಡಿನ ಕಡೆ. ಅದು ಇಷ್ಟು ಮಳೆಗಾಲ ಕಂಡಿದೆ, ದೋಷ ಏನಿದ್ದರೂ ಕಣ್ಣಿಗೆ ಬೀಳುತ್ತದೆ. ಆದರೆ ಅಪ್ಪ-ಅವ್ವನಿಗೆ ಮಲಗುವ ಕೋಣೆ, ಬಚ್ಚಲು ಎರಡೂ ಕೆಳಗೇ ಆಗುವಂತಿರಬೇಕು. ಆಗದಿದ್ದರೆ ಬೇರೆ ಮನೆ ಹುಡುಕಿ. ಮೊಣಕಾಲು ನೋವಿನವರನ್ನು ಮೆಟ್ಟಿಲು ಹತ್ತಿಸಬೇಡಿ.

ಮರುಪ್ರಶ್ನೆ: ಆಡಿಟ್ ವರದಿ ಮಾರುವವರೇ ಕೊಟ್ಟಿದ್ದಾರೆ, ಸಾಕೇ?

ಉತ್ತರ: ಸಾಲದು. ಪಾಲಿಕೆಯ ಪಟ್ಟಿಯಲ್ಲಿರುವ ಎಂಜಿನಿಯರನ್ನು ನಿಮ್ಮ ಖರ್ಚಿನಲ್ಲಿ ಕರೆದೊಯ್ಯಿರಿ.

ಇನ್ನೊಬ್ಬ ಸದಸ್ಯೆ: ನಮಗೆ ನಾರಾಯಣ ಪೇಠೆಯ ವಾಡೆಯಲ್ಲಿ (ಹಳೆ ಕಾಲದ ದೊಡ್ಡ ಮನೆ) ಎರಡು ಕೋಣೆ ಪಗಡಿಗೆ (ಒಮ್ಮೆಲೇ ದೊಡ್ಡ ಮೊತ್ತ ಕೊಟ್ಟು ಬಾಡಿಗೆಗೆ) ಸಿಗುತ್ತಿವೆ. ತಗೊಳ್ಳಬಹುದೇ?

ಉತ್ತರ: ಪಗಡಿ ಕೊಟ್ಟರೂ ನೀವು ಬಾಡಿಗೆದಾರರೇ. 1999ರ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯ್ದೆ ಪಗಡಿಯನ್ನು ಒಪ್ಪುತ್ತದೆ, ಮಾಲೀಕತ್ವ ಕೊಡುವುದಿಲ್ಲ. ಗೃಹಸಾಲವೂ ಸಿಗುವುದು ಕಷ್ಟ. ಮರದ ತೊಲೆಯ ತುದಿ ಗೋಡೆಯೊಳಗೆ ಹೋಗುವಲ್ಲಿ ಗೆದ್ದಲು ತಿಂದಿದೆಯೇ ಎಂದು ಚುಚ್ಚಿ ನೋಡಿ. ಮಾಲೀಕರ ಒಪ್ಪಿಗೆ ಬರವಣಿಗೆಯಲ್ಲಿ ಸಿಗುವವರೆಗೆ ಒಂದು ರೂಪಾಯಿಯನ್ನೂ ಕೊಡಬೇಡಿ.