ಲಿನಲೂಲ್ ಪರೀಕ್ಷೆ: ಪಾದದ ಊತದ ಅಳತೆ ಯಾಕೆ ಹೊಂದುತ್ತಿಲ್ಲ?

ಪ್ರಶ್ನೆ (ಮೈಸೂರು, ಎಂ.ಫಾರ್ಮ್):
ಮಲ್ಲಿಗೆ, ತುಳಸಿ ಎರಡರಲ್ಲೂ ಇರೋ ಲಿನಲೂಲ್ (ಒಂದು ಸುವಾಸನೆಯ ಅಂಶ) ನೋವು, ಊತ ಕಡಿಮೆ ಮಾಡುತ್ತಾ ಅನ್ನೋ ಪರೀಕ್ಷೆ ನಡೀತಿದೆ. ಅಸಿಟಿಕ್ ಆಸಿಡ್ ಕೊಟ್ಟ ಮೈಸ್ (ಚಿಕ್ಕ ಇಲಿಗಳು) ನೋವಿಗೆ ಹೊಟ್ಟೆ ಹಿಂಡಿಕೊಳ್ಳೋದು ಚೆನ್ನಾಗಿ ಕಡಿಮೆಯಾಗಿದೆ. ಆದರೆ ರ‍್ಯಾಟ್ (ದೊಡ್ಡ ಇಲಿ) ಪಾದದ ಊತ ಒಂದೊಂದು ಸಲ ಒಂದೊಂದು ಥರ. ಎಲ್ಲಿ ತಪ್ಪು?

ಉತ್ತರ 1 (ಮಂಡ್ಯ):
ಊತ ಬರಿಸೋಕೆ ಚುಚ್ಚೋ ಕ್ಯಾರಜೀನನ್ 1%, ಪಾದದಡಿಗೆ 0.1 ಮಿ.ಲೀ. ತಾನೆ? ಸಲೈನ್‌ನಲ್ಲಿ ಗಂಟು ಉಳಿದರೆ ಡೋಸ್ ಸಮ ಬೀಳಲ್ಲ. ಅದಕ್ಕಿಂತ ಮುಖ್ಯ, ಪಾದದ ಕೀಲಿನ (ಆಂಕಲ್) ಮೇಲೆ ಮಾರ್ಕರ್‌ನಲ್ಲಿ ಗೆರೆ ಎಳೆದು, ಪಾದದ ಗಾತ್ರ ಅಳೆಯೋ ಪ್ಲೆಥಿಸ್ಮೋಮೀಟರ್‌ನಲ್ಲಿ ಪ್ರತಿ ಸಲ ಆ ಗೆರೆವರೆಗೇ ಅದ್ದಿ. ಕಾಲು 2 ಮಿ.ಮೀ. ಹೆಚ್ಚು ಮುಳುಗಿದರೂ ಊತದಂತೆ ಕಾಣುತ್ತೆ.

ಉತ್ತರ 2:
ಹಿಂಡೋದು ನಿಂತಿತು ಅಂದಮಾತ್ರಕ್ಕೆ ನೋವು ಹೋಯ್ತು ಅನ್ನಬೇಡಿ. ಲಿನಲೂಲ್ ಮಂಪರು ತರುತ್ತೆ; ಅದೇ ಡೋಸ್‌ನಲ್ಲಿ ರೋಟಾರಾಡ್ (ತಿರುಗೋ ಕೋಲಿನ ಮೇಲೆ ಎಷ್ಟು ಹೊತ್ತು ನಿಲ್ಲುತ್ತೆ ಅಂತ ನೋಡೋದು) ಮಾಡಲೇಬೇಕು. ಫಾರ್ಮಲಿನ್ ಪರೀಕ್ಷೆಯನ್ನೂ (ಪಾದಕ್ಕೆ ಫಾರ್ಮಲಿನ್ ಚುಚ್ಚಿ, ಅದನ್ನ ನೆಕ್ಕೋ ಸಮಯ ಎಣಿಸೋದು) ಸೇರಿಸಿ: 0–5 ನಿಮಿಷ ನರದ ನೇರ ನೋವು, 15–30 ಉರಿಯೂತದ್ದು, ಬೇರೆ ಬೇರೆ ಎಣಿಸಿ. ಲಿನಲೂಲ್ ನೀರಲ್ಲಿ ಬೆರೆಸೋಕೆ ಟ್ವೀನ್ 80 ಬಳಸಿದ್ದರೆ, ಲಿನಲೂಲ್ ಕೊಡದ ಕಂಟ್ರೋಲ್‌ಗೂ ಅಷ್ಟೇ ಕೊಟ್ಟಿದ್ದೀರಾ?

ಪ್ರಶ್ನೆ ಕೇಳಿದವರು:
ಇಲ್ಲ, ಬರೀ ಸಲೈನ್.

ಉತ್ತರ 2:
ಹಾಗಾದರೆ ಕಂಟ್ರೋಲ್ ಒಂದನ್ನೇ ಅಲ್ಲ, ಎಲ್ಲ ಗುಂಪನ್ನೂ ಒಟ್ಟಿಗೆ ಮತ್ತೆ ಮಾಡಿ. ಎಥಿಕ್ಸ್ ಕಮಿಟಿ ಅನುಮತಿಯಲ್ಲಿ ಅಷ್ಟು ಪ್ರಾಣಿಗಳು ಉಳಿದಿವೆಯಾ, ಮೊದಲು ಅದನ್ನ ನೋಡಿ.